ಉಪ್ಪು ಕರಗಿದ ನೀರಿನಲ್ಲಿ ರಾಸಾಯನಿಕ ಕ್ರಿಯೆಯ ವೇಗ ಏರುವುದೂ ಉಂಟು, ಇಳಿಯುವುದೂ ಉಂಟು

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ವಿದ್ಯಾರ್ಥಿ ಪುಟದಲ್ಲಿ ಇತ್ತೀಚೆಗೆ ಬಂದ ರಸಾಯನಶಾಸ್ತ್ರದ ಪ್ರಶ್ನೋತ್ತರದಲ್ಲಿ, ನೀರಿನಲ್ಲಿ ಲವಣ ಕರಗಿದ್ದರೆ ಅದರಲ್ಲಿ ನಡೆಯುವ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚುತ್ತದೆ ಎಂದು ಒಂದೇ ಸಾಲಿನ ಉತ್ತರ ಕೊಡಲಾಗಿತ್ತು. ಅದನ್ನು ಓದಿದ ಒಬ್ಬರು, ಬೋರ್‌ವೆಲ್ ನೀರಿನಲ್ಲಿ ಬೇಳೆ ಬೇಯುವುದಿಲ್ಲವೆಂಬ ಎಲ್ಲರ ಅನುಭವವನ್ನು ಮುಂದಿಟ್ಟು, ಲವಣವು ವೇಗವನ್ನು ಕುಗ್ಗಿಸುತ್ತದೆ ಎಂದು ಇದೇ ಅಂಕಣದಲ್ಲಿ ಪ್ರತಿಕ್ರಿಯೆ ಬರೆದಿದ್ದರು. ಹಾಸನ ಮತ್ತು ಅರಸೀಕೆರೆಯ ಕಾಲೇಜುಗಳಲ್ಲಿ ಬಹುಕಾಲ ಭೌತ ರಸಾಯನಶಾಸ್ತ್ರವನ್ನು ಬೋಧಿಸಿದ ನನಗೆ ಈ ಎರಡೂ ಮಾತುಗಳನ್ನು ಹಾಗೆಯೇ ಬಿಡುವುದು ಸರಿಯೆನಿಸಲಿಲ್ಲ. ಪರೀಕ್ಷೆಗೆ ಓದುವ ಮಕ್ಕಳು ಆ ಒಂದು ಸಾಲನ್ನೇ ಬಾಯಿಪಾಠ ಮಾಡುತ್ತಾರೆ. ನಮ್ಮ ಜಿಲ್ಲೆಯ ಪ್ರಯೋಗಾಲಯಗಳಲ್ಲಿ ಅದಕ್ಕೆ ವಿರುದ್ಧವಾದ ಫಲಿತಾಂಶ ಕಣ್ಣೆದುರು ಬಂದಾಗ, ತಮ್ಮ ಕೈಯ ಕೆಲಸವನ್ನೇ ಅನುಮಾನಿಸಿ, ಪುಸ್ತಕಕ್ಕೆ ಹೊಂದುವಂತೆ ಅಂಕಿಗಳನ್ನು ತಿದ್ದಿ ಬರೆಯುತ್ತಾರೆ. ಆದ್ದರಿಂದ ಈ ಪತ್ರ ಸ್ವಲ್ಪ ದೀರ್ಘವಾದರೂ ತಾವು ಅವಕಾಶ ಮಾಡಿಕೊಡಬೇಕೆಂದು ಕೋರುತ್ತೇನೆ.

ಲವಣದಿಂದ ಕ್ರಿಯೆಯ ವೇಗ ಏರುತ್ತದೆಯೋ ಇಳಿಯುತ್ತದೆಯೋ ಎಂಬುದು, ಪರಸ್ಪರ ಕೂಡಿ ಕ್ರಿಯೆ ನಡೆಸುವ ಎರಡು ಕಣಗಳ ವಿದ್ಯುದಾವೇಶವನ್ನು ಅವಲಂಬಿಸಿದೆ. ಆವೇಶ ಹೊತ್ತ ಕಣವನ್ನು ಅಯಾನು ಎನ್ನುತ್ತೇವೆ. ಎರಡೂ ಋಣ ಅಯಾನುಗಳಾಗಿದ್ದರೆ, ಅಥವಾ ಎರಡೂ ಧನ ಅಯಾನುಗಳಾಗಿದ್ದರೆ, ಕ್ರಿಯೆಯಲ್ಲಿ ಭಾಗವಹಿಸದ ಯಾವುದೋ ಲವಣವನ್ನು ಬೆರೆಸಿದಾಗ ವೇಗ ಹೆಚ್ಚುತ್ತದೆ. ಒಂದು ಧನ, ಇನ್ನೊಂದು ಋಣವಾಗಿದ್ದರೆ ಅದೇ ಲವಣ ಅದೇ ಪ್ರಮಾಣದಲ್ಲಿ ಬಿದ್ದರೂ ವೇಗ ಕಡಿಮೆಯಾಗುತ್ತದೆ. ಎರಡರಲ್ಲಿ ಒಂದಕ್ಕೆ ಆವೇಶವೇ ಇಲ್ಲದಿದ್ದರೆ, ದ್ರಾವಣ ತೆಳುವಾಗಿರುವವರೆಗೆ ಲವಣದಿಂದ ಹೆಚ್ಚಿನ ವ್ಯತ್ಯಾಸವೇನೂ ಕಾಣುವುದಿಲ್ಲ.

ಇದರ ಕಾರಣವನ್ನು ತಿಳಿಯಲು ಕರಗಿದ ಲವಣ ನೀರಿನಲ್ಲಿ ಹೇಗಿರುತ್ತದೆ ಎಂಬುದನ್ನು ನೋಡಬೇಕು. ಪೊಟ್ಯಾಸಿಯಂ ನೈಟ್ರೇಟ್ ಕರಗಿದಾಗ ಧನ ಆವೇಶದ ಪೊಟ್ಯಾಸಿಯಂ ಅಯಾನುಗಳೂ ಋಣ ಆವೇಶದ ನೈಟ್ರೇಟ್ ಅಯಾನುಗಳೂ ಬಿಡಿಬಿಡಿಯಾಗಿ ನೀರಿನ ತುಂಬ ಓಡಾಡುತ್ತವೆ. ಆದರೆ ಅವು ಎಲ್ಲೆಡೆ ಒಂದೇ ರೀತಿಯಲ್ಲಿ ಹರಡಿಕೊಂಡಿರುವುದಿಲ್ಲ. ಯಾವುದೇ ಋಣ ಅಯಾನಿನ ನೆರೆಯಲ್ಲಿ ಸರಾಸರಿಯಾಗಿ ಧನ ಅಯಾನುಗಳು ತುಸು ಹೆಚ್ಚಿರುತ್ತವೆ. ಧನ ಅಯಾನಿನ ನೆರೆಯಲ್ಲಿ ಋಣ ಅಯಾನುಗಳು ಹೆಚ್ಚಿರುತ್ತವೆ. ಹೀಗೆ ಪ್ರತಿಯೊಂದು ಅಯಾನನ್ನೂ ವಿರುದ್ಧ ಆವೇಶದ ಒಂದು ತೆಳುವಾದ ಆವರಣ ಸುತ್ತುವರಿದಿರುತ್ತದೆ. ಈ ಆವರಣವು ಒಳಗಿನ ಅಯಾನಿನ ಶಕ್ತಿಯನ್ನು ತಗ್ಗಿಸಿ ಅದನ್ನು ಸ್ಥಿರಗೊಳಿಸುತ್ತದೆ. ಎಷ್ಟರಮಟ್ಟಿಗೆ ಸ್ಥಿರಗೊಳಿಸುತ್ತದೆ ಎಂಬುದು ಆ ಅಯಾನಿನ ಆವೇಶದ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂಬುದೇ ಇಡೀ ವಿಷಯದ ತಿರುಳು.

ಎರಡು ಅಯಾನುಗಳು ಕೂಡಿ ಕ್ರಿಯೆ ನಡೆಯುವ ಮುನ್ನ, ಒಂದು ಕ್ಷಣ ಅವೆರಡೂ ಸೇರಿದ ಸಂಕೀರ್ಣವೊಂದು ರೂಪುಗೊಳ್ಳುತ್ತದೆ. ಅದರ ಆವೇಶ ಎರಡರ ಆವೇಶಗಳ ಮೊತ್ತ. ಒಂದು ಋಣ ಆವೇಶದ ಅಯಾನೂ ಎರಡು ಋಣ ಆವೇಶದ ಅಯಾನೂ ಕೂಡಿದರೆ ಸಂಕೀರ್ಣಕ್ಕೆ ಮೂರು ಋಣ ಆವೇಶ ಬರುತ್ತದೆ. ಈಗ ವರ್ಗಗಳ ಲೆಕ್ಕ ಹಾಕೋಣ. ಬೇರೆಬೇರೆಯಾಗಿದ್ದಾಗ ಒಂದರ ವರ್ಗ 1, ಇನ್ನೊಂದರದು 4, ಒಟ್ಟು 5. ಕೂಡಿದಾಗ ಮೂರರ ವರ್ಗ 9. ಅಂದರೆ ಸುತ್ತಲಿನ ಆವರಣವು ಬಿಡಿ ಅಯಾನುಗಳಿಗಿಂತ ಸಂಕೀರ್ಣವನ್ನೇ ಹೆಚ್ಚು ಸ್ಥಿರಗೊಳಿಸುತ್ತದೆ, ಅದು ರೂಪುಗೊಳ್ಳುವುದು ಸುಲಭವಾಗುತ್ತದೆ, ವೇಗ ಏರುತ್ತದೆ. ಒಂದು ಧನ ಆವೇಶವೂ ಒಂದು ಋಣ ಆವೇಶವೂ ಕೂಡಿದರೆ ಸಂಕೀರ್ಣದ ಆವೇಶ ಸೊನ್ನೆ. ಬಿಡಿಯಾಗಿದ್ದಾಗ ವರ್ಗಗಳ ಮೊತ್ತ 2 ಇದ್ದದ್ದು ಕೂಡಿದಾಗ ಏನೂ ಉಳಿಯುವುದಿಲ್ಲ. ಇಲ್ಲಿ ಲವಣದ ಆಸರೆ ಸಿಗುವುದು ಬಿಡಿ ಅಯಾನುಗಳಿಗೇ ಹೊರತು ಸಂಕೀರ್ಣಕ್ಕಲ್ಲ. ಹಾಗಾಗಿ ಅವು ಕೂಡುವುದು ಕಷ್ಟವಾಗಿ ವೇಗ ಕುಗ್ಗುತ್ತದೆ. ಪಿಯುಸಿ ಓದುವ ಹುಡುಗನಿಗೂ ಅರ್ಥವಾಗುವ ಈ ಕೂಡು ಕಳೆಯುವ ಲೆಕ್ಕವನ್ನು ಬಿಟ್ಟು ಒಂದು ಸಾಲಿನ ಉತ್ತರ ಕೊಡುವುದರಲ್ಲಿ ಏನು ಉಳಿತಾಯವೋ ನನಗೆ ತಿಳಿಯದು.

ಲವಣದ ಪ್ರಮಾಣವನ್ನು ಅಳೆಯುವುದಕ್ಕೂ ಒಂದು ಕ್ರಮವಿದೆ. ದ್ರಾವಣದಲ್ಲಿರುವ ಪ್ರತಿಯೊಂದು ಅಯಾನಿನ ಸಾರತೆಯನ್ನು, ಎಂದರೆ ಅದು ಲೀಟರಿಗೆ ಎಷ್ಟು ಮೋಲ್ ಇದೆ ಎಂಬುದನ್ನು, ಅದರ ಆವೇಶದ ವರ್ಗದಿಂದ ಗುಣಿಸಿ, ಎಲ್ಲವನ್ನೂ ಕೂಡಿ, ಅರ್ಧ ಮಾಡಿದರೆ ಬರುವುದೇ ಅಯಾನು ಬಲ. ಲೀಟರಿಗೆ 0.01 ಮೋಲ್ ಅಡುಗೆ ಉಪ್ಪು, ಎಂದರೆ ಸುಮಾರು 0.58 ಗ್ರಾಂ, ಕರಗಿದ್ದರೆ ಅಯಾನು ಬಲ 0.01. ಅಷ್ಟೇ ಮೋಲ್ ಕ್ಯಾಲ್ಸಿಯಂ ಕ್ಲೋರೈಡ್ ಇದ್ದರೆ 0.03, ಮೆಗ್ನೀಸಿಯಂ ಸಲ್ಫೇಟ್ ಇದ್ದರೆ 0.04. ಎರಡು ಆವೇಶದ ಅಯಾನುಗಳ ತೂಕ ಹೀಗೆ ಹೆಚ್ಚಾಗುವುದರಿಂದ, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ತುಂಬಿದ ಗಡಸು ನೀರಿಗೆ ಈ ವಿಷಯದಲ್ಲಿ ವಿಶೇಷ ಮಹತ್ವವಿದೆ. 25 ಡಿಗ್ರಿ ಸೆಲ್ಸಿಯಸ್‌ನ ನೀರಿನಲ್ಲಿ, ಅಯಾನು ಬಲದ ವರ್ಗಮೂಲವನ್ನು ಎರಡು ಅಯಾನುಗಳ ಆವೇಶಗಳ ಗುಣಲಬ್ಧದಿಂದಲೂ 1.02ರಿಂದಲೂ ಗುಣಿಸಿದರೆ, ವೇಗಾಂಕದ, ಎಂದರೆ ಕ್ರಿಯೆಯ ವೇಗವನ್ನು ಸೂಚಿಸುವ ಸ್ಥಿರಾಂಕದ, ಹತ್ತರ ಆಧಾರದ ಲಾಗರಿದಮ್ ಎಷ್ಟು ಏರಿತು ಅಥವಾ ಇಳಿಯಿತು ಎಂಬುದು ಸಿಗುತ್ತದೆ. ಅಯಾನು ಬಲ 0.01 ಇರುವಾಗ, ಗುಣಲಬ್ಧ ಧನ 2 ಆಗಿರುವ ಕ್ರಿಯೆಯ ವೇಗಾಂಕ, ಲವಣವೇ ಇಲ್ಲದ ಆದರ್ಶ ಸ್ಥಿತಿಗಿಂತ ಸುಮಾರು 1.6 ಪಟ್ಟಾಗುತ್ತದೆ; ಗುಣಲಬ್ಧ ಋಣ 1 ಆಗಿರುವ ಕ್ರಿಯೆಯದು 0.79ಕ್ಕೆ ಇಳಿಯುತ್ತದೆ. ಕೋಬಾಲ್ಟ್‌ನ ಎರಡು ಧನ ಆವೇಶದ ಬ್ರೋಮೋ ಅಮೋನಿಯಾ ಸಂಕೀರ್ಣವೂ ಎರಡು ಧನ ಆವೇಶದ ಪಾದರಸದ ಅಯಾನೂ ಕೂಡುವಾಗ ಗುಣಲಬ್ಧ 4. ಅಲ್ಲಿ ಇಷ್ಟೇ ಲವಣಕ್ಕೆ ವೇಗ ಎರಡೂವರೆ ಪಟ್ಟಾಗುತ್ತದೆ. ಲೀಟರಿಗೆ ಅರ್ಧ ಗ್ರಾಂಗಿಂತ ತುಸು ಹೆಚ್ಚು ಉಪ್ಪು ಮಾಡುವ ಕೆಲಸವಿದು ಎಂಬುದನ್ನು ಗಮನಿಸಬೇಕು.

ಈ ತಿಳಿವಳಿಕೆ ಒಬ್ಬರಿಂದ ಒಂದೇ ದಿನ ಬಂದದ್ದಲ್ಲ. ಅಯಾನು ಬಲ ಎಂಬ ಅಳತೆಯನ್ನು ಅಮೆರಿಕದ ಲೂಯಿಸ್ ಮತ್ತು ರ್‍ಯಾಂಡಲ್ 1921ರಲ್ಲಿ ಕೊಟ್ಟರು. ಕೋಪನ್‌ಹೇಗನ್‌ನ ಬ್ರಾನ್‌ಸ್ಟೆಡ್ 1922ರಲ್ಲಿ ಲವಣ ಮತ್ತು ವೇಗದ ಸಂಬಂಧವನ್ನು ಸಂಕೀರ್ಣದ ಆವೇಶದ ಮೂಲಕ ವಿವರಿಸಿದರು; ಅದೇ ನಗರದ ಬಿಯೆರುಮ್ 1924ರಲ್ಲಿ ಅದಕ್ಕೆ ಇನ್ನಷ್ಟು ಸ್ಪಷ್ಟ ರೂಪ ನೀಡಿದರು. ನಡುವೆ 1923ರಲ್ಲಿ ಡಿಬೈ ಮತ್ತು ಹ್ಯೂಕೆಲ್ ಅಯಾನಿನ ಸುತ್ತಲಿನ ಆವರಣದ ಗಣಿತವನ್ನು ಪ್ರಕಟಿಸಿದರು. ವರ್ಗಮೂಲದ ನಿಯಮ ಬಂದದ್ದು ಅಲ್ಲಿಂದಲೇ. ನಮ್ಮ ಪಠ್ಯಗಳು ಹೇಳದೆ ಬಿಡುವ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಡಿಬೈ ಮತ್ತು ಹ್ಯೂಕೆಲ್ ಅವರಿಗಿಂತ ಐದು ವರ್ಷ ಮೊದಲೇ, 1918ರಲ್ಲಿ, ಜ್ಞಾನೇಂದ್ರ ಚಂದ್ರ ಘೋಷ್ ಎಂಬ ಭಾರತೀಯ ಯುವ ವಿಜ್ಞಾನಿ, ಪ್ರಬಲ ಲವಣಗಳು ನೀರಿನಲ್ಲಿ ಪೂರ್ತಿಯಾಗಿ ಅಯಾನುಗಳಾಗಿ ಬಿಡಿಸಿಕೊಳ್ಳುತ್ತವೆ, ಅವುಗಳ ವರ್ತನೆಯನ್ನು ಅಯಾನುಗಳ ನಡುವಣ ಸೆಳೆತದಿಂದಲೇ ವಿವರಿಸಬೇಕು ಎಂದು ಪ್ರತಿಪಾದಿಸಿದ್ದರು. ಹರಳಿನಲ್ಲಿರುವಂತೆ ದ್ರಾವಣದಲ್ಲೂ ಅಯಾನುಗಳು ಕ್ರಮವಾಗಿ ಜೋಡಣೆಗೊಂಡಿರುತ್ತವೆ ಎಂಬ ಅವರ ಊಹೆ ಮುಂದೆ ನಿಲ್ಲಲಿಲ್ಲ. ಅದರಿಂದ ಬರುವ ಘನಮೂಲದ ನಿಯಮದ ಜಾಗದಲ್ಲಿ ವರ್ಗಮೂಲದ ನಿಯಮ ಬಂತು. ಆದರೂ ಸರಿಯಾದ ಪ್ರಶ್ನೆಯನ್ನು ಸರಿಯಾದ ದಿಕ್ಕಿನಲ್ಲಿ ಎತ್ತಿದವರಲ್ಲಿ ಅವರೂ ಒಬ್ಬರು. ಮುಂದೆ 1939ರಿಂದ 1948ರವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದವರು ಇದೇ ಘೋಷ್ ಅವರು. ನಮ್ಮ ರಾಜ್ಯದ ರಸಾಯನಶಾಸ್ತ್ರದ ವಿದ್ಯಾರ್ಥಿಗೆ ಈ ಹೆಸರು ಗೊತ್ತಿರಬೇಕು.

ಪ್ರಯೋಗದಲ್ಲಿ ಇದನ್ನು ನೋಡುವುದಕ್ಕೆ ದುಬಾರಿ ಉಪಕರಣವೇನೂ ಬೇಡ. ಪೊಟ್ಯಾಸಿಯಂ ಪರ್‌ಸಲ್ಫೇಟ್ ಮತ್ತು ಪೊಟ್ಯಾಸಿಯಂ ಅಯೋಡೈಡ್ ದ್ರಾವಣಗಳನ್ನು ಬೆರೆಸಿದಾಗ ನಿಧಾನವಾಗಿ ಅಯೋಡಿನ್ ಬಿಡುಗಡೆಯಾಗುತ್ತದೆ. ಮೊದಲೇ ಸ್ವಲ್ಪ ಥಯೋಸಲ್ಫೇಟ್ ಮತ್ತು ಪಿಷ್ಟದ ತಿಳಿಯನ್ನು ಸೇರಿಸಿಟ್ಟರೆ, ಹುಟ್ಟಿದ ಅಯೋಡಿನ್ನನ್ನು ಥಯೋಸಲ್ಫೇಟ್ ಆಗಿಂದಾಗಲೇ ಕಬಳಿಸುತ್ತಿರುತ್ತದೆ. ಬೀಕರಿನ ಅಡಿಯಲ್ಲಿ ಬಿಳಿಯ ಟೈಲ್ ಇಟ್ಟುಕೊಂಡು ನೋಡುತ್ತಿದ್ದರೆ ನಿಮಿಷಗಳವರೆಗೆ ಏನೂ ಆಗದಂತೆ ನೀರು ತಿಳಿಯಾಗಿಯೇ ಇರುತ್ತದೆ. ಥಯೋಸಲ್ಫೇಟ್ ಮುಗಿದೊಡನೆ ಮೊದಲು ಒಂದು ಮೂಲೆಯಲ್ಲಿ ಮಸುಕಾದ ನೀಲಿ ಎಳೆ ಎದ್ದು, ಕಣ್ಣು ಮಿಟುಕಿಸುವಷ್ಟರಲ್ಲಿ ಇಡೀ ದ್ರಾವಣ ಕಡುನೀಲಿಯಾಗುತ್ತದೆ. ಬೆರೆಸಿದ ಗಳಿಗೆಯಿಂದ ನೀಲಿಯಾದ ಗಳಿಗೆಯವರೆಗಿನ ಸಮಯವನ್ನು ಸ್ಟಾಪ್‌ವಾಚ್‌ನಲ್ಲಿ ಹಿಡಿಯಬೇಕು. ಪರ್‌ಸಲ್ಫೇಟ್‌ಗೆ ಎರಡು ಋಣ ಆವೇಶ, ಅಯೋಡೈಡ್‌ಗೆ ಒಂದು. ಗುಣಲಬ್ಧ ಧನ 2. ಬೀಕರಿನಿಂದ ಬೀಕರಿಗೆ ಪೊಟ್ಯಾಸಿಯಂ ನೈಟ್ರೇಟ್‌ನ ಪ್ರಮಾಣವನ್ನು ಹೆಚ್ಚಿಸುತ್ತ ಹೋದರೆ ನೀಲಿ ಬಣ್ಣ ಬರುವ ಸಮಯ ಕಡಿಮೆಯಾಗುತ್ತ ಹೋಗುತ್ತದೆ. ಪೊಟ್ಯಾಸಿಯಂ ನೈಟ್ರೇಟ್ ಇಲ್ಲಿ ಖರ್ಚಾಗುವುದಿಲ್ಲ, ಕ್ರಿಯೆಯಲ್ಲಿ ಕೈಹಾಕುವುದೂ ಇಲ್ಲ. ಸುಮ್ಮನೆ ಸುತ್ತ ಇದ್ದುಕೊಂಡೇ ವೇಗವನ್ನು ಬದಲಿಸುತ್ತದೆ. ವೇಗಾಂಕದ ಲಾಗರಿದಮ್ಮನ್ನು ಅಯಾನು ಬಲದ ವರ್ಗಮೂಲದ ಎದುರು ಗ್ರಾಫ್ ಹಾಳೆಯಲ್ಲಿ ಗುರುತಿಸಿದಾಗ ಬಿಂದುಗಳು ಒಂದು ಸರಳ ರೇಖೆಯ ಮೇಲೆ ಬಂದು ಕೂರುವುದನ್ನು ನೋಡಿದ ವಿದ್ಯಾರ್ಥಿ, ಅಯಾನುಗಳ ಆವೇಶವನ್ನು ತನ್ನ ಕೈಯಿಂದಲೇ ಅಳೆದ ಹಾಗಾಗುತ್ತದೆ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಅಷ್ಟೇ ಸುಲಭ. ಹಿಂದೆ ಮಕ್ಕಳ ಬಾಯಿಹುಣ್ಣಿಗೆ ಹಚ್ಚುತ್ತಿದ್ದ ನೇರಳೆ ಬಣ್ಣದ ಔಷಧಿಯ ಮುಖ್ಯ ಅಂಶವಾದ ಕ್ರಿಸ್ಟಲ್ ವಯಲೆಟ್, ನೀರಿನಲ್ಲಿ ಒಂದು ಧನ ಆವೇಶದ ಅಯಾನಾಗಿರುತ್ತದೆ. ಅದಕ್ಕೆ ತೆಳುವಾದ ಸೋಡಿಯಂ ಹೈಡ್ರಾಕ್ಸೈಡ್ ಸೇರಿಸಿದರೆ ಹೈಡ್ರಾಕ್ಸೈಡ್‌ನ ಋಣ ಅಯಾನು ಅದರೊಡನೆ ಕೂಡಿ, ಬಣ್ಣ ನೋಡನೋಡುತ್ತಿದ್ದಂತೆ ತಿಳಿಯಾಗುತ್ತ ಹೋಗುತ್ತದೆ. ಇಲ್ಲಿ ಗುಣಲಬ್ಧ ಋಣ 1. ಕ್ಷಾರದ ಸಾರತೆ 0.01 ಇರುವ ದ್ರಾವಣಕ್ಕೆ ನೈಟ್ರೇಟ್ ಸೇರಿಸಿ ಅಯಾನು ಬಲವನ್ನು 0.1ಕ್ಕೆ ಏರಿಸಿದರೆ, ಗಟ್ಟಿ ದ್ರಾವಣಗಳಿಗಾಗಿ ತಿದ್ದಿದ ಲೆಕ್ಕದ ಪ್ರಕಾರ ಬಣ್ಣ ಮಾಸುವ ವೇಗ ನೂರಕ್ಕೆ ಸುಮಾರು ಮೂವತ್ತರಷ್ಟು ಕುಸಿಯಬೇಕು. ಒಂದೇ ಬಾಟಲಿಯ ಅದೇ ಪೊಟ್ಯಾಸಿಯಂ ನೈಟ್ರೇಟ್ ಒಂದು ಮೇಜಿನ ಮೇಲೆ ಕ್ರಿಯೆಯನ್ನು ಚುರುಕುಗೊಳಿಸಿ, ಪಕ್ಕದ ಮೇಜಿನ ಮೇಲೆ ನಿಧಾನಗೊಳಿಸುವುದನ್ನು ಒಂದೇ ಮಧ್ಯಾಹ್ನದಲ್ಲಿ ತೋರಿಸಬಹುದು. ಇವೆರಡನ್ನೂ ಜೊತೆಯಾಗಿ ನೋಡಿದ ಮಕ್ಕಳು ಒಂದು ಸಾಲಿನ ಉತ್ತರವನ್ನು ಮತ್ತೆ ಬರೆಯಲಾರರು. ಈಥೈಲ್ ಅಸಿಟೇಟ್ ಎಂಬ ಎಸ್ಟರನ್ನು ಕ್ಷಾರದಿಂದ ಒಡೆಯುವ ಪ್ರಯೋಗ ನಮ್ಮ ಪದವಿ ತರಗತಿಗಳಲ್ಲಿ ಸಾಮಾನ್ಯ. ಎಸ್ಟರಿಗೆ ಆವೇಶವಿಲ್ಲದ ಕಾರಣ ಅಲ್ಲಿ ಸ್ವಲ್ಪ ಲವಣದಿಂದ ವೇಗ ಹೆಚ್ಚೂಕಡಿಮೆ ಮೊದಲಿನಂತೆಯೇ ಉಳಿಯುತ್ತದೆ.

ಈ ನಿಯಮಕ್ಕೆ ಮಿತಿಯೂ ಇದೆ. ಮೇಲೆ ಹೇಳಿದ ಸರಳ ರೂಪ ನೆಚ್ಚಿಕೆಗೆ ಅರ್ಹವಾಗುವುದು ಅಯಾನು ಬಲ ಸುಮಾರು 0.01ರೊಳಗೆ ಇದ್ದಾಗ. ಅದರಾಚೆ ತಿದ್ದುಪಡಿ ಬೇಕಾಗುತ್ತದೆ. ಸಮುದ್ರದ ನೀರಿನಂತೆ ಅಯಾನು ಬಲ 0.7ರ ಹತ್ತಿರ ಬಂದರೆ ಯಾವ ಲವಣ ಎಂಬುದೂ ಮುಖ್ಯವಾಗಿ, ಆವೇಶವೊಂದನ್ನೇ ನೋಡಿ ಹೇಳುವ ಲೆಕ್ಕ ಸಾಲುವುದಿಲ್ಲ. ಇನ್ನೊಂದು ಪರೋಕ್ಷ ಪರಿಣಾಮವೂ ಉಂಟು. ಅಸಿಟಿಕ್ ಆಮ್ಲದಂಥ ದುರ್ಬಲ ಆಮ್ಲವೇ ಕ್ರಿಯಾವರ್ಧಕ, ಎಂದರೆ ತಾನು ಖರ್ಚಾಗದೆ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು, ಆಗಿರುವಲ್ಲಿ ಲವಣ ಬೆರೆಸಿದರೆ, ಆಮ್ಲದಿಂದ ಬಿಡಿಸಿಕೊಂಡ ಅಯಾನುಗಳಿಗೆ ಆಸರೆ ಸಿಕ್ಕಿ ಆಮ್ಲ ಮೊದಲಿಗಿಂತ ತುಸು ಹೆಚ್ಚು ಬಿಡಿಸಿಕೊಳ್ಳುತ್ತದೆ, ಹೈಡ್ರೋಜನ್ ಅಯಾನುಗಳು ಹೆಚ್ಚುತ್ತವೆ, ಅದರಿಂದ ವೇಗ ಏರುತ್ತದೆ. ಇಲ್ಲಿ ವೇಗಾಂಕ ಬದಲಾದದ್ದಲ್ಲ, ಕ್ರಿಯಾವರ್ಧಕದ ಪ್ರಮಾಣವೇ ಬದಲಾದದ್ದು. ಎರಡನ್ನೂ ಬೇರೆಬೇರೆಯಾಗಿ ಕಲಿಸಬೇಕು.

ಇನ್ನು ಬೇಳೆಯ ವಿಷಯ. ಪ್ರತಿಕ್ರಿಯೆ ಬರೆದವರ ಅನುಭವ ನಿಜ. ಅರಸೀಕೆರೆ, ಕಡೂರು ಕಡೆಯ ಯಾವ ಮನೆಯಲ್ಲಿ ಕೇಳಿದರೂ ಹೌದೆನ್ನುತ್ತಾರೆ. ಆದರೆ ಅದಕ್ಕೆ ಕಾರಣ ಇದುವರೆಗೆ ನಾನು ವಿವರಿಸಿದ್ದಲ್ಲ. ಕಾಳಿನ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಪೆಕ್ಟಿನ್ ಎಂಬ ವಸ್ತುವಿಗೆ ಗಡಸು ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ನೇರವಾಗಿ ಕಟ್ಟಿಕೊಂಡು, ಪಕ್ಕಪಕ್ಕದ ಎಳೆಗಳ ನಡುವೆ ಸೇತುವೆಯಾಗಿ ಅದನ್ನು ಬಿಗಿಗೊಳಿಸುತ್ತವೆ. ಬಿಗಿಯಾದ ಪೆಕ್ಟಿನ್ ಕರಗುವುದು ತಡವಾಗುವುದರಿಂದ ಬೇಳೆ ಗಟ್ಟಿಯಾಗಿಯೇ ಉಳಿಯುತ್ತದೆ. ಕಾಳನ್ನು ಅಡುಗೆ ಉಪ್ಪಿನ ನೀರಿನಲ್ಲಿ ನೆನೆಸಿಟ್ಟರೆ ಸೋಡಿಯಂ ಅಯಾನುಗಳು ಸ್ವಲ್ಪ ಕ್ಯಾಲ್ಸಿಯಮ್ಮನ್ನು ಹೊರದೂಡಿ ಸಿಪ್ಪೆ ಬೇಗ ಮೆತ್ತಗಾಗಲು ನೆರವಾಗುತ್ತವೆ. ಅಂದರೆ ಒಂದು ಲವಣ ತಡೆಯುತ್ತದೆ, ಇನ್ನೊಂದು ಸಹಾಯ ಮಾಡುತ್ತದೆ. ಯಾವ ಅಯಾನು ಎಂಬುದೇ ಇಲ್ಲಿ ನಿರ್ಣಾಯಕ. ನಾನು ಹೇಳುತ್ತಿರುವ ಲವಣ ಪರಿಣಾಮದಲ್ಲಿ, ತೆಳುವಾದ ದ್ರಾವಣದಲ್ಲಿ, ಯಾವ ಅಯಾನು ಎನ್ನುವುದಕ್ಕಿಂತ ಒಟ್ಟು ಅಯಾನು ಬಲ ಎಷ್ಟು ಎಂಬುದೇ ಮುಖ್ಯ. ಚಿಟಿಕೆ ಅಡುಗೆ ಸೋಡ ಹಾಕಿದಾಗ ಬೇಳೆ ಬೇಗ ಬೇಯುವುದು ನೀರು ಕ್ಷಾರೀಯವಾಗಿ ಪೆಕ್ಟಿನ್ ಬೇಗ ಒಡೆಯುವುದರಿಂದ. ಅದು ಮೂರನೆಯ ಬಗೆಯ ಕಾರಣ.

ಉಪ್ಪು ಹಾಕಿದರೆ ನೀರಿನ ಕುದಿಬಿಂದು ಏರಿ ಅಡುಗೆ ಬೇಗ ಆಗುತ್ತದೆ ಎಂಬ ಮಾತೂ ಬಳಕೆಯಲ್ಲಿದೆ. ಲೀಟರು ನೀರಿಗೆ 10 ಗ್ರಾಂ ಉಪ್ಪು ಹಾಕಿದರೆ ಕುದಿಬಿಂದು ಏರುವುದು 0.2 ಡಿಗ್ರಿಗಿಂತಲೂ ಕಡಿಮೆ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಹಾಸನದಲ್ಲಿ ಆ ಎತ್ತರದ ಕಾರಣಕ್ಕೇ ನೀರು ಸುಮಾರು 97 ಡಿಗ್ರಿಯಲ್ಲಿ ಕುದಿಯುತ್ತದೆ, ಚಿಕ್ಕಮಗಳೂರಿನಲ್ಲಿ ಇನ್ನೂ ತುಸು ಕೆಳಗೆ. ಆ ಮೂರು ಡಿಗ್ರಿಯ ಮುಂದೆ ಉಪ್ಪಿನ ಪಾಲು ಲೆಕ್ಕಕ್ಕೆ ಬರುವುದಿಲ್ಲ. ಕರಾವಳಿಯಲ್ಲಿ ಕಬ್ಬಿಣ ಬೇಗ ತುಕ್ಕು ಹಿಡಿಯುವುದೂ ಬೇರೆಯದೇ ಸಂಗತಿ. ಅಲ್ಲಿ ಉಪ್ಪುನೀರು ವಿದ್ಯುತ್ತನ್ನು ಸುಲಭವಾಗಿ ಹರಿಯಬಿಡುವುದು ಒಂದು ಕಾರಣವಾದರೆ, ಕ್ಲೋರೈಡ್ ಅಯಾನು ಲೋಹದ ಮೇಲಿನ ರಕ್ಷಣಾ ಪದರವನ್ನು ಕೆಡಿಸುವುದು ಇನ್ನೊಂದು.

ಲವಣ ಪರಿಣಾಮ ಕೇವಲ ಪರೀಕ್ಷೆಯ ಪ್ರಶ್ನೆಯಲ್ಲ ಎಂಬುದಕ್ಕೆ ಒಂದು ಉದಾಹರಣೆ ಸಾಕು. ಕೋವಿಡ್ ಕಾಲದಲ್ಲಿ ಎಲ್ಲರ ಬಾಯಲ್ಲೂ ಇದ್ದ ಪಿಸಿಆರ್ ಪರೀಕ್ಷೆಯಲ್ಲಿ, ಡಿಎನ್‌ಎಯ ಎಳೆಗೆ ಅದಕ್ಕೆ ಹೊಂದುವ ಚಿಕ್ಕ ಎಳೆಯೊಂದು ಬಂದು ಕೂಡಿಕೊಳ್ಳಬೇಕು. ಎರಡು ಎಳೆಗಳ ಬೆನ್ನಿನ ಉದ್ದಕ್ಕೂ ಫಾಸ್ಫೇಟ್‌ನ ಋಣ ಆವೇಶಗಳು ಸಾಲಾಗಿ ನಿಂತಿರುತ್ತವೆ. ಬರಿಯ ನೀರಿನಲ್ಲಿ ಅವು ಒಂದನ್ನೊಂದು ದೂರ ತಳ್ಳುತ್ತವೆ. ಲವಣ ಹೆಚ್ಚಿದಂತೆ ಅವು ಕೂಡುವ ವೇಗ ಬಹಳವಾಗಿ ಹೆಚ್ಚುತ್ತದೆ. ಆದ್ದರಿಂದಲೇ ಆ ಪರೀಕ್ಷೆಯ ಸಾಮಾನ್ಯ ದ್ರಾವಣದಲ್ಲಿ ಲೀಟರಿಗೆ 50 ಮಿಲಿಮೋಲ್ ಪೊಟ್ಯಾಸಿಯಂ ಕ್ಲೋರೈಡ್ ಮತ್ತು ಸ್ವಲ್ಪ ಮೆಗ್ನೀಸಿಯಂ ಕ್ಲೋರೈಡ್ ಇರುತ್ತವೆ. ಆಸ್ಪತ್ರೆಯ ಡ್ರಿಪ್ ಬಾಟಲಿಯ ಮೇಲೆ ಶೇಕಡಾ 0.9 ಎಂದು ಬರೆದಿರುವ ಉಪ್ಪುನೀರಿನ ಅಯಾನು ಬಲ 0.154, ನಮ್ಮ ರಕ್ತದ ಅಯಾನು ಬಲವೂ ಹೆಚ್ಚುಕಡಿಮೆ ಅಷ್ಟೇ. ದೇಹದ ಹೊರಗೆ ಕಿಣ್ವಗಳ ವೇಗವನ್ನು ಅಳೆಯುವವರು ಅಯಾನು ಬಲವನ್ನು ಒಂದೇ ಮಟ್ಟದಲ್ಲಿ ಕಾಪಾಡಿಕೊಳ್ಳುವುದು ಈ ಕಾರಣಕ್ಕೆ.

ಈಗ ನಮ್ಮ ಜಿಲ್ಲೆಗಳ ಮಾತಿಗೆ ಬರುತ್ತೇನೆ. ಈ ಪತ್ರ ಬರೆಯಲು ಮುಖ್ಯ ಪ್ರೇರಣೆ ಇದೇ. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳೆರಡರಲ್ಲೂ ಮಲೆನಾಡೂ ಇದೆ, ಬಯಲುಸೀಮೆಯೂ ಇದೆ. ಸಕಲೇಶಪುರ, ಮೂಡಿಗೆರೆಯ ಹಳ್ಳಗಳಲ್ಲಿ ಹರಿಯುವುದು ಹೆಚ್ಚಿನಂಶ ಮಳೆಯ ನೀರು. ಅದರಲ್ಲಿ ಲವಣ ಬಹಳ ಕಡಿಮೆ. ಅರಸೀಕೆರೆ, ಕಡೂರಿನಲ್ಲಿ ಆಳದ ಕೊಳವೆ ಬಾವಿಯಿಂದ ಬರುವ ನೀರು ಕಲ್ಲಿನ ಸಂದುಗಳಲ್ಲಿ ವರ್ಷಗಟ್ಟಲೆ ನಿಂತು ಲವಣಗಳನ್ನು ಹೀರಿಕೊಂಡಿರುತ್ತದೆ. ಸ್ಟೀಲ್ ಪಾತ್ರೆಯಲ್ಲಿ ಒಣಗಿದ ಹನಿಯ ಜಾಗದಲ್ಲಿ ಬಿಳಿಯ ಕಲೆ ಉಳಿಯುವುದು ಅದಕ್ಕೇ. ಈ ಎರಡು ಕಡೆಯ ಊರುಗಳ ಕಾಲೇಜುಗಳಲ್ಲಿ ನಲ್ಲಿಯ ನೀರನ್ನೇ ಬಳಸಿ ಒಂದೇ ಪ್ರಯೋಗವನ್ನು ಮಾಡಿದರೆ ಫಲಿತಾಂಶ ಒಂದೇ ಬರುವುದಿಲ್ಲ.

ಎಷ್ಟು ವ್ಯತ್ಯಾಸ ಬರುತ್ತದೆ ಎಂಬುದನ್ನು ಲೆಕ್ಕ ಹಾಕಬಹುದು. ನೀರಿನಲ್ಲಿ ಕರಗಿರುವ ಒಟ್ಟು ಘನಾಂಶವನ್ನು (ಟಿಡಿಎಸ್) ಲೀಟರಿಗೆ ಮಿಲಿಗ್ರಾಂನಲ್ಲಿ ತೆಗೆದುಕೊಂಡು 0.000025ರಿಂದ ಗುಣಿಸಿದರೆ ಅಯಾನು ಬಲ ಅಂದಾಜಾಗಿ ಸಿಗುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಒಪ್ಪಿರುವ ಮಿತಿ ಲೀಟರಿಗೆ 500 ಮಿಲಿಗ್ರಾಂ. ಬೇರೆ ನೀರು ಸಿಗದಿದ್ದರೆ 2000ದವರೆಗೂ ಅನುಮತಿಯಿದೆ. ಲೀಟರಿಗೆ 400 ಮಿಲಿಗ್ರಾಂ ಇರುವ, ಎಂದರೆ ಕುಡಿಯಲು ಯಾವ ತಕರಾರೂ ಇಲ್ಲದ ನೀರಿನ ಅಯಾನು ಬಲ ಸುಮಾರು 0.01. ಪರ್‌ಸಲ್ಫೇಟ್ ಮತ್ತು ಅಯೋಡೈಡ್ ದ್ರಾವಣಗಳನ್ನು ಅಯಾನು ಬಲ 0.01 ಬರುವಂತೆ ತೆಳುವಾಗಿ ತಯಾರಿಸುವಾಗ, ಬಟ್ಟಿ ಇಳಿಸಿದ ನೀರಿನ ಬದಲು ಈ ನೀರನ್ನು ಬಳಸಿದರೆ ಅದು 0.02 ಆಗುತ್ತದೆ. ಆಗ ಕ್ರಿಯೆಯ ವೇಗ ನೂರಕ್ಕೆ ಹದಿನೇಳರಿಂದ ಇಪ್ಪತ್ತೊಂದರಷ್ಟು ಹೆಚ್ಚಬೇಕು. ಹತ್ತು ನಿಮಿಷಕ್ಕೆ ಬರಬೇಕಾದ ನೀಲಿ ಬಣ್ಣ ಎಂಟೂವರೆ ನಿಮಿಷದ ಸುಮಾರಿಗೇ ಬಂದುಬಿಡುತ್ತದೆ. ಉಷ್ಣತೆ ಎರಡು ಡಿಗ್ರಿಗೂ ಹೆಚ್ಚು ಏರಿದರೆ ಆಗುವಷ್ಟು ವ್ಯತ್ಯಾಸವಿದು. ನೀರಿನ ತೊಟ್ಟಿಯಲ್ಲಿ ಥರ್ಮಾಮೀಟರ್ ಇಟ್ಟು ಅರ್ಧ ಡಿಗ್ರಿಯೂ ಆಚೀಚೆ ಆಗದಂತೆ ಮಕ್ಕಳಿಗೆ ಎಚ್ಚರಿಸುವ ನಾವು, ದ್ರಾವಣ ಮಾಡಿದ ನೀರು ಎಲ್ಲಿಂದ ಬಂತೆಂದು ಕೇಳುವುದೇ ಇಲ್ಲ. ದ್ರಾವಣಗಳೇ ಸಾಕಷ್ಟು ಗಟ್ಟಿಯಾಗಿದ್ದು ಅಯಾನು ಬಲ 0.1ರ ಆಸುಪಾಸಿನಲ್ಲಿದ್ದರೆ ನಲ್ಲಿಯ ನೀರು ಸೇರಿಸುವ ಪಾಲು ಬಹುಮಟ್ಟಿಗೆ ಮುಚ್ಚಿಹೋಗುತ್ತದೆ ಎಂಬುದನ್ನೂ ಹೇಳಬೇಕು. ತೊಂದರೆ ಬರುವುದು, ಲವಣ ಪರಿಣಾಮವನ್ನೇ ಅಳೆಯಲು ಹೊರಟ ತೆಳುವಾದ ದ್ರಾವಣಗಳಲ್ಲಿ.

ನಲ್ಲಿಯ ನೀರಿನಲ್ಲಿ ಇನ್ನೊಂದು ಅಡಚಣೆಯೂ ಅಡಗಿದೆ. ಹಳೆಯ ಪೈಪುಗಳಿಂದ ಬರುವ ಕಬ್ಬಿಣ, ತಾಮ್ರದ ಅಯಾನುಗಳು ಅತ್ಯಲ್ಪ ಪ್ರಮಾಣದಲ್ಲಿದ್ದರೂ ಪರ್‌ಸಲ್ಫೇಟ್ ಮತ್ತು ಅಯೋಡೈಡ್ ಕ್ರಿಯೆಗೆ ನಿಜವಾದ ಕ್ರಿಯಾವರ್ಧಕಗಳಾಗಿ ಕೆಲಸ ಮಾಡುತ್ತವೆ. ಅವು ಕ್ರಿಯೆಗೆ ಬೇರೆಯೇ ದಾರಿಯನ್ನು ತೆರೆಯುತ್ತವೆ. ಆಗ ಕಂಡ ವೇಗದಲ್ಲಿ ಲವಣದ ಪಾಲೆಷ್ಟು, ತಾಮ್ರದ ಪಾಲೆಷ್ಟು ಎಂದು ಬಿಡಿಸಿ ಹೇಳಲು ಸಾಧ್ಯವಾಗುವುದಿಲ್ಲ.

ನಾನು ಕೆಲಸ ಮಾಡಿದ ಒಂದು ಕಾಲೇಜಿನಲ್ಲಿ ಬಟ್ಟಿ ಇಳಿಸುವ ಯಂತ್ರ ಕೆಟ್ಟು ನಿಂತಿದ್ದ ಕಾಲದಲ್ಲಿ, ಕ್ಯಾನಿನ ಮೇಲೆ ಬಟ್ಟಿ ನೀರು ಎಂದು ಚೀಟಿ ಅಂಟಿಸಿ ಒಳಗೆ ನಲ್ಲಿಯ ನೀರನ್ನೇ ತುಂಬಿಡಲಾಗುತ್ತಿತ್ತು. ಒಂದು ಪರೀಕ್ಷಾ ನಳಿಕೆಗೆ ಆ ನೀರನ್ನು ಹಾಕಿ, ನೈಟ್ರಿಕ್ ಆಮ್ಲದ ಹನಿಯೊಡನೆ ಸಿಲ್ವರ್ ನೈಟ್ರೇಟ್ ಬಿಟ್ಟಾಗ ಹಾಲಿನಂತೆ ಬಿಳಿಯ ಮಸಕು ಎದ್ದುದರಿಂದ ಕ್ಲೋರೈಡ್ ಇರುವುದು ಬಯಲಾಯಿತು. ಅಲ್ಲಿಯವರೆಗೆ ಮಕ್ಕಳು ಬರೆದ ರೆಕಾರ್ಡ್ ಪುಸ್ತಕಗಳಲ್ಲಿ ಅಂಕಿಗಳೆಲ್ಲ ಪಠ್ಯದಲ್ಲಿರುವಂತೆಯೇ ಇದ್ದವು. ಅದೇ ನನ್ನನ್ನು ಹೆಚ್ಚು ನೋಯಿಸಿದ ಸಂಗತಿ. ನೀರು ಸರಿಯಿಲ್ಲದಿದ್ದರೆ ಸರಿಪಡಿಸಬಹುದು. ಕಂಡದ್ದನ್ನು ಬರೆಯುವ ಅಭ್ಯಾಸ ತಪ್ಪಿದ ಹುಡುಗ ಹುಡುಗಿಯರನ್ನು ಸರಿದಾರಿಗೆ ತರುವುದು ಕಷ್ಟ. ಕಾಲೇಜುಗಳಿಗೆ ಅನುದಾನದ ಕೊರತೆಯಿದೆ, ಅಟೆಂಡರ್ ಹುದ್ದೆಗಳು ಖಾಲಿ ಬಿದ್ದಿವೆ ಎಂಬುದನ್ನು ನಾನು ಬಲ್ಲೆ. ಆದರೆ ಇದಕ್ಕೆ ಬೇಕಾಗುವುದು ಬಹಳ ಕಡಿಮೆ ಖರ್ಚು.

ಊರೂರುಗಳಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕಗಳ ಆರ್‌ಒ ನೀರನ್ನು ಟಿಡಿಎಸ್ ಮೀಟರಿನಲ್ಲಿ ಪರೀಕ್ಷಿಸಿ ಬಳಸಿದರೂ ನಡೆಯುತ್ತದೆ. ಆ ನೀರಿನಲ್ಲಿ ಲೀಟರಿಗೆ 40 ಮಿಲಿಗ್ರಾಂ ಲವಣ ಉಳಿದಿದೆ ಎಂದಿಟ್ಟುಕೊಂಡರೂ, ಮೇಲಿನ ಪ್ರಯೋಗದಲ್ಲಿ ಬರುವ ವ್ಯತ್ಯಾಸ ನೂರಕ್ಕೆ ಎರಡರಷ್ಟು ಮಾತ್ರ. ನೀಲಿ ಬಣ್ಣ ಬಂದ ಗಳಿಗೆಯನ್ನು ಕಣ್ಣಿನಿಂದ ಗುರುತಿಸುವುದರಲ್ಲಿ ಆಗುವ ಏರುಪೇರೇ ಅಷ್ಟಿರುತ್ತದೆ. ಇನ್ವರ್ಟರ್ ಬ್ಯಾಟರಿಗೆ ಹಾಕಲು ಅಂಗಡಿಯಲ್ಲಿ ಸಿಗುವ ಬಟ್ಟಿ ನೀರೂ ಆಗುತ್ತದೆ, ಆದರೆ ಅದನ್ನೂ ಸಿಲ್ವರ್ ನೈಟ್ರೇಟ್ ಹಾಕಿ ನೋಡಿಯೇ ಒಪ್ಪಬೇಕು. ಮಲೆನಾಡಿನ ಕಾಲೇಜುಗಳು ಮಳೆಗಾಲದಲ್ಲಿ, ಮೊದಲ ಮಳೆಗಳು ಹೋದ ಮೇಲೆ, ಬಯಲಿನಲ್ಲಿಟ್ಟ ಸ್ವಚ್ಛವಾದ ಗಾಜಿನ ಅಥವಾ ಪ್ಲಾಸ್ಟಿಕ್ ಪಾತ್ರೆಯಲ್ಲಿ ನೇರವಾಗಿ ಹಿಡಿದ ಮಳೆನೀರನ್ನು ಈ ಪ್ರಯೋಗಕ್ಕೆ ಬಳಸಬಹುದು. ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿ ಅದು ತುಸು ಆಮ್ಲೀಯವಾಗಿರುತ್ತದೆ ಎಂಬುದನ್ನು ಮರೆಯಬಾರದು.

ನನ್ನ ಕೋರಿಕೆಗಳು ಇಷ್ಟು. ತಮ್ಮ ವಿದ್ಯಾರ್ಥಿ ಪುಟದಲ್ಲಿ ಹಿಂದಿನ ಉತ್ತರಕ್ಕೆ ತಿದ್ದುಪಡಿ ಪ್ರಕಟಿಸಿ, ಲವಣದ ಪರಿಣಾಮವು ಕ್ರಿಯೆಯಲ್ಲಿ ತೊಡಗಿದ ಅಯಾನುಗಳ ಆವೇಶಗಳ ಗುಣಲಬ್ಧವನ್ನು ಅನುಸರಿಸುತ್ತದೆ ಎಂದು ಬರೆಯಬೇಕು. ಸಾಧ್ಯವಾದರೆ ಪರ್‌ಸಲ್ಫೇಟ್ ಮತ್ತು ಕ್ರಿಸ್ಟಲ್ ವಯಲೆಟ್ ಪ್ರಯೋಗಗಳೆರಡನ್ನೂ ಪಕ್ಕಪಕ್ಕದಲ್ಲೇ ವಿವರಿಸಬೇಕು. ಎರಡೂ ಜಿಲ್ಲೆಗಳ ಕಾಲೇಜುಗಳ ಪ್ರಾಂಶುಪಾಲರು, ಪ್ರಾಯೋಗಿಕ ತರಗತಿಗಳು ಆರಂಭವಾಗುವ ಮುನ್ನ ಲ್ಯಾಬಿನಲ್ಲಿ ಬಳಸುವ ನೀರನ್ನು ಪರೀಕ್ಷಿಸಿ, ಅದರ ಟಿಡಿಎಸ್ ಅಂಕಿಯನ್ನು ಕರಿಹಲಗೆಯ ಮೂಲೆಯಲ್ಲಿ ಬರೆಸಬೇಕು. ಬಟ್ಟಿ ನೀರು ಒದಗಿಸಲಾಗದ ಕಡೆ, ಇರುವ ನೀರಿನ ಅಯಾನು ಬಲವನ್ನು ಅಂದಾಜು ಮಾಡಿ ಲೆಕ್ಕಕ್ಕೆ ಸೇರಿಸಿಕೊಳ್ಳಲು ಮಕ್ಕಳಿಗೆ ಹೇಳಿಕೊಡಬೇಕು. ಅರಸೀಕೆರೆಯ ವಿದ್ಯಾರ್ಥಿ ತನ್ನ ಊರಿನ ಬೋರ್‌ವೆಲ್ ನೀರನ್ನೇ ಒಂದು ಬೀಕರಿನಲ್ಲಿ, ಬಟ್ಟಿ ನೀರನ್ನು ಇನ್ನೊಂದರಲ್ಲಿ ಇಟ್ಟು ಎರಡರ ಸಮಯವನ್ನೂ ರೆಕಾರ್ಡ್ ಪುಸ್ತಕದಲ್ಲಿ ಇದ್ದದ್ದು ಇದ್ದಂತೆ ಬರೆದರೆ, ಪರೀಕ್ಷಕರು ಅದಕ್ಕೆ ಪೂರ್ಣ ಅಂಕ ಕೊಡಬೇಕು. ಈ ಪ್ರಯೋಗಗಳ ದ್ರಾವಣಗಳ ಅಳತೆ ಮತ್ತು ಲೆಕ್ಕದ ಮಾದರಿಯನ್ನು ಕನ್ನಡದಲ್ಲಿ ಬರೆದು ತಮ್ಮ ಕಚೇರಿಗೆ ಕಳುಹಿಸಿಕೊಡಲು ನಾನು ಸಿದ್ಧನಿದ್ದೇನೆ; ಬೇಕೆಂದು ಕೇಳುವ ಅಧ್ಯಾಪಕರಿಗೆ ತಾವು ಅದನ್ನು ತಲುಪಿಸಬಹುದು.

ಇಂತಿ ತಮ್ಮ ವಿಶ್ವಾಸಿ,
ರಸಾಯನಶಾಸ್ತ್ರದ ನಿವೃತ್ತ ಅಧ್ಯಾಪಕ,
ಹಾಸನ